ಹನ್ನೆರಡನೆಯ ಜಾಗ

"ಹನ್ನೆರಡನೇ ನಂಬರಿನವನ್ನ ತೆಗೀರಿ, ಟೀಮು ತಾನಾಗೇ ನೆಟ್ಟಗಾಗ್ತದ" ಎಂದು ಹಿಂದಿನಿಂದ ಯಾರೋ ಅಂದಾಗ ಶೇಷಗಿರಿಯ ಬಾಯಲ್ಲಿ ಚಹಾದ ಮೊದಲ ಗುಟುಕು ಇತ್ತು. ನುಂಗಿದ. ಸುಟ್ಟಿತು. ತಿರುಗಿ ನೋಡಲಿಲ್ಲ, ಏಕೆಂದರೆ ಆ ಹನ್ನೆರಡನೇ ನಂಬರಿನವನು ಅವನೇ.

ಮಾನ್ವಿಯ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಪೀರಾ ಸಾಬನ ಹೋಟೆಲು ಅದು. ೧೯೭೯ರ ಒಂದು ಭಾನುವಾರ, ಬೆಳಗಿನ ಹತ್ತೂವರೆ. ರಾಯಚೂರಿನ ಬಸ್ಸಿಳಿದು, ಒಂದು ಚಹಾ ಕುಡಿದು ಬಂದ ಕೆಲಸಕ್ಕೆ ಹೋಗೋಣವೆಂದು ಒಳಗೆ ಬಂದಿದ್ದ. ಈ ಊರಿಗೆ ಬಾಸ್ಕೆಟ್‌ಬಾಲಿನ ಹುಚ್ಚು ಇಷ್ಟು ಹತ್ತಿದೆಯೆಂದು ಗೊತ್ತಿದ್ದರೆ ನಳದ ನೀರು ಕುಡಿದೇ ಮುಂದೆ ಹೋಗುತ್ತಿದ್ದ.

ಬಂದ ಕೆಲಸವೂ ಅದರದ್ದೇ. ರಾಯಚೂರಿನ ಹತ್ತಿಯ ಜಿನ್ನಿಂಗ್ ಮಿಲ್ಲೊಂದು ಹನ್ನೆರಡು ಜನರಿಗೆ ಸಂಬಳ ಕೊಟ್ಟು ಬಾಸ್ಕೆಟ್‌ಬಾಲ್ ಟೀಮು ಸಾಕಿತ್ತು. ಅದರ ಮ್ಯಾನೇಜರ್ ಅಬ್ದುಲ್ ವಹೀದ್ ನಿನ್ನೆ ಶೇಷಗಿರಿಯನ್ನು ಕರೆದು, ಕುರ್ಚಿ ತೋರಿಸಿ, ಮೆತ್ತಗೆ ಹೇಳಿದ್ದರು.

"ಮಾನ್ವಿಯಾಗ ಹನುಮಂತ್ರಾಯ ಅಂತ ಒಬ್ಬ ಹಮಾಲ ಅದಾನಂತ. ಏಣಿ ಇಲ್ಲದೇ ಲಾರಿ ತುಂಬ್ತಾನಂತ. ಹೋಗಿ ನೋಡಿ ಬರ್ರಿ. ನೀವು ಓದಿದವರು. ನೀವು ಬೇಕು ಅಂದ್ರ ಬೇಕು, ಬ್ಯಾಡ ಅಂದ್ರ ಬ್ಯಾಡ."

ಉಳಿದದ್ದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹನ್ನೆರಡು ಬನಿಯನ್ನಿಗೆ ಹದಿಮೂರು ಮೈ ಹಿಡಿಸುವುದಿಲ್ಲ. ಟೀಮಿನಿಂದ ಹೋದವರನ್ನು ಮಿಲ್ಲು ಬೀದಿಗೆ ಹಾಕುತ್ತಿರಲಿಲ್ಲ; ದೇವದುರ್ಗದ ಖರೀದಿ ಕೇಂದ್ರಕ್ಕೆ ಕಳಿಸುತ್ತಿತ್ತು. ಅಲ್ಲಿ ದಿನವಿಡೀ ಹತ್ತಿಯ ಚೀಲದ ತೂಕ ಬರೆಯಬೇಕು. ಹಾಗೆ ಹೋದ ಇಬ್ಬರ ವಿಷಯವನ್ನು ಟೀಮಿನಲ್ಲಿ ಈಗ ಯಾರೂ ಎತ್ತುವುದಿಲ್ಲ.

ವಹೀದರ ಮೇಲೆ ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕೃತಜ್ಞತೆ. ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಎರಡು ವರ್ಷ ಮನೆಯ ಕಟ್ಟೆ ಸವೆಸುತ್ತಿದ್ದವನನ್ನು ಕಾಲೇಜಿನ ಮೈದಾನದಿಂದ ಎತ್ತಿಕೊಂಡು ಹೋಗಿ ಅನ್ನಕ್ಕೆ ಹಚ್ಚಿದವರು ಅವರು. ತಾಯಿ ಅನಸೂಯಾಬಾಯಿ ಗುರುವಾರದ ಪೂಜೆಯಲ್ಲಿ ರಾಯರ ಹೆಸರಿನ ಜತೆ ವಹೀದರ ಹೆಸರನ್ನೂ ಸೇರಿಸುತ್ತಾಳೆ. ರಾಯರು ಈವರೆಗೆ ಏನೂ ತಕರಾರು ಮಾಡಿದಂತಿಲ್ಲ.

ಕಳೆದೆರಡು ವರ್ಷಗಳಲ್ಲಿ ಅವನು ಅಂಕಣಕ್ಕೆ ಇಳಿದದ್ದು ಎರಡೇ ಸಲ. ಎರಡೂ ಸಲ ಆಟದ ಫಲಿತಾಂಶ ಮೊದಲೇ ಇತ್ಯರ್ಥವಾಗಿತ್ತು. ಆದರೂ ವಹೀದರು ಅವನನ್ನು ತೆಗೆದಿರಲಿಲ್ಲ. ಇಂಥ ಉಪಕಾರ ಮಾಡಿದವರನ್ನು ಎದುರಿಗೆ ಕಂಡಾಗ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂಬುದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

ಪೀರಾ ಸಾಬನ ಹೋಟೆಲಿನಲ್ಲಿ ಎದುರುಬದುರು ಎರಡು ಬೆಂಚು, ಅವುಗಳ ಆಚೆ ಶೇಷಗಿರಿ ಕೂತಿದ್ದ ಒಂಟಿ ಕುರ್ಚಿ. ಭಾನುವಾರ ಅಲ್ಲಿ ಮಿಲ್ಲಿನ ಟೀಮನ್ನು ಬಾಯಲ್ಲೇ ಕಟ್ಟುವ ಕೆಲಸ ನಡೆಯುತ್ತದೆ. ಸಿಕಂದರಾಬಾದಿನಿಂದ ಆಟಗಾರರನ್ನು ತರಬೇಕೆನ್ನುವವರು ಗೋಡೆಯ ಕಡೆ, ನಮ್ಮೂರಿನವರನ್ನೇ ತಯಾರು ಮಾಡಬೇಕೆನ್ನುವವರು ಬಾಗಿಲ ಕಡೆ. ಅಭಿಪ್ರಾಯ ಬದಲಾದವನು ತನ್ನ ಚಹಾ ಹಿಡಿದುಕೊಂಡು ಎದ್ದು ಆ ಕಡೆಯ ಬೆಂಚಿಗೆ ಹೋಗಿ ಕೂರಬೇಕು. ಕೂತಲ್ಲೇ ಮಾತು ಬದಲಿಸುವುದಕ್ಕೆ ಅಲ್ಲಿ ಪರವಾನಗಿ ಇಲ್ಲ.

"ಸಿಕಂದರಾಬಾದಿನವ್ರು ಫೈನಲ್ ಆಡ್ತಾರ, ಕಪ್ಪು ಕೊಡ್ತಾರ, ರೈಲು ಹತ್ತತಾರ" ಎಂದ ಬಾಗಿಲ ಕಡೆಯ ಸಲಾವುದ್ದೀನ್. ಅವನದು ಪಕ್ಕದಲ್ಲೇ ಬಟ್ಟೆ ಅಂಗಡಿ. "ಮುಂದಿನ ವರ್ಷ ಮತ್ತ ಸೊನ್ನೆಯಿಂದ ಶುರು. ಅದು ಟೀಮೇನ್ರೀ, ಮದುವಿ ಬ್ಯಾಂಡು!"

"ಕಪ್ಪು ಬಂತೋ ಇಲ್ಲೋ?" ಎಂದಿತು ಗೋಡೆಯ ಕಡೆ.

"ಅದಕ್ಕ ಹೇಳಾಕತ್ತೀನಿ, ಹನ್ನೆರಡನೇ ಜಾಗ ಖಾಲಿ ಮಾಡ್ರಿ ಅಂತ. ನಮ್ಮ ಹನುಮಂತ್ರಾಯನ್ನ ಅಲ್ಲಿ ಕುಂದರಸ್ರಿ. ಎರಡು ವರ್ಷಕ್ಕ ರಿಂಗಿನ ಕೆಳಗ ಆಡೋ ಸೆಂಟರ್ ಆಗ್ತಾನ. ಈಗ ಇರಾವ ಏನು ಮಾಡ್ಯಾನ ಹೇಳ್ರಿ?"

ಎರಡೂ ಬೆಂಚಿನವರು ನೆನಪು ಮಾಡಿಕೊಳ್ಳಲು ನೋಡಿದರು. ಶೇಷಗಿರಿಯೂ ಯೋಚಿಸಿ ನೋಡಿದ.

ಇವರಿಗೆ ತನ್ನ ಗುರುತು ಸಿಗದೆ ಹೋದದ್ದಕ್ಕೆ ಅವನಿಗೆ ಮೊದಲು ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು. ರಾಯಚೂರಿನ ಅಂಕಣದಲ್ಲಿ ಅಗ್ಗದ ಟಿಕೇಟಿನವರು ನಿಲ್ಲುವುದು ಆಟಗಾರರ ಬೆಂಚಿನ ಹಿಂದೆ. ಹನ್ನೆರಡನೆಯವನೆಂದರೆ ಇವರಿಗೆ ಒಂದು ಬೆನ್ನು, ಅದರ ಮೇಲೊಂದು ನಂಬರು. ಮುಖ ಯಾರೂ ಕಂಡಿಲ್ಲ.

"ಹಂಗನಬ್ಯಾಡ್ರಿ" ಎಂದ ಗೋಡೆಯ ಬೆಂಚಿನ ಮೂಲೆಯಲ್ಲಿದ್ದ ಮುದುಕ. ಅಮೀರ್ ಸಾಬ್, ಬಸ್ ಕಂಡಕ್ಟರಾಗಿ ರಿಟೈರಾದವನು. ಕಿಸೆಯಲ್ಲಿ ಇನ್ನೂ ಸೀಟಿ ಇಟ್ಟುಕೊಂಡಿದ್ದ. "ನಾ ಹತ್ತು ವರ್ಷದಿಂದ ಅವನ್ನ ನೋಡಾಕತ್ತೀನಿ. ದಣಿದು ಬಂದವನಿಗೆ ಸರದು ಜಾಗ ಕೊಡ್ತಾನ, ನೀರು ಕೊಡ್ತಾನ. ಸೋತ ದಿನಾನೂ ನೆಟ್ಟಗ ಕುಂತಿರ್ತಾನ. ಟೀಮಿನಾಗ ಅಂಥಾವ ಒಬ್ಬ ಬೇಕು."

ಶೇಷಗಿರಿ ಲೋಟ ಕೆಳಗಿಟ್ಟ. ಹತ್ತು ವರ್ಷದಲ್ಲಿ ತನ್ನನ್ನು ಇಷ್ಟು ಗಮನವಿಟ್ಟು ನೋಡಿದವರು ಯಾರೂ ಇರಲಿಲ್ಲ. ಎದ್ದು ಹೋಗಿ ಮುದುಕನ ಕೈ ಹಿಡಿದುಕೊಳ್ಳಬೇಕೆನಿಸಿತು. ಅದೇ ಹೊತ್ತಿಗೆ ಹತ್ತು ವರ್ಷದ ಆಟದಿಂದ ಉಳಿದದ್ದು ಒಂದು ಲೋಟ ನೀರು ಮತ್ತು ನೆಟ್ಟಗಿನ ಬೆನ್ನು ಎಂಬ ಲೆಕ್ಕವೂ ಆಯಿತು. ಕುರ್ಚಿಯಲ್ಲಿ ತಾನು ಈಗಲೂ ನೆಟ್ಟಗೆ ಕೂತಿರುವುದನ್ನು ಕಂಡು ಸ್ವಲ್ಪ ಬಾಗಿದ.

"ನೀವು ರಾಯಚೂರವ್ರು ಕಾಣ್ತೀರಿ" ಎಂದ ಸಲಾವುದ್ದೀನ್ ಅವನತ್ತ ತಿರುಗಿ. "ಮ್ಯಾಚು ನೋಡ್ತೀರೇನು?"

"ಎಲ್ಲಾ ಮ್ಯಾಚು."

"ಮತ್ತ ಹೇಳ್ರಿ. ಹನ್ನೆರಡನೆಯವ ಇರಬೇಕೋ, ಹೋಗಬೇಕೋ?"

ಗೊತ್ತಿಲ್ಲ ಎನ್ನಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎನ್ನಬಹುದಿತ್ತು. ಆದರೆ ಎರಡು ಬೆಂಚಿನ ಕಣ್ಣೂ ತನ್ನ ಮೇಲೆ ನೆಟ್ಟಿದ್ದು ಅವನಿಗೆ ಹಿತವೆನಿಸಿತು.

"ಟೀಮು ಕಟ್ಟೋದು ಮೊದಲಿನ ಐದು ಮಂದಿಯಿಂದಲ್ರಿ, ಕಡೆಯವನಿಂದ" ಎಂದ. "ಸೆಂಟರ್ ಆಡೋನಿಗೆ ನಾಲ್ಕು ಫೌಲ್ ಆಗ್ಯಾವ ಅಂತ ತಿಳೀರಿ. ಐದಾದ್ರ ಹೊರಗ. ಅವ ಬೆಂಚಿನ ಕಡೆ ನೋಡ್ತಾನ. ತನ್ನ ಬದಲಿಗೆ ಬರೋನು ಅಲ್ಲಿ ಯಾರೂ ಇಲ್ಲ, ನೀರು ಕೊಡಾವ ಒಬ್ಬ ಅದಾನ. ಅಲ್ಲಿಂದ ಮುಂದ ಅವ ಕೈ ಎತ್ತೋದಿಲ್ಲ, ಮೈ ತಾಗಿಸೋದಿಲ್ಲ. ಎದುರಿನವ್ರು ಆರಾಮ ಬಾಲು ಹಾಕ್ತಾರ. ಹನ್ನೆರಡನೆಯವ ಆಡೇ ಸೋಲಿಸಬೇಕಂತಿಲ್ಲ. ಕೂತಲ್ಲೇ ಸೋಲಿಸ್ತಾನ."

ಹೇಳಿ ಮುಗಿಸಿದ ಮೇಲೆ ಅದು ನಿಜವೆಂದು ತಿಳಿದು ಅವನಿಗೇ ಬೆರಗಾಯಿತು. ಇಷ್ಟು ಚಂದದ ಆಟವನ್ನು ಅವನು ಅಂಕಣದಲ್ಲಿ ಎಂದೂ ಆಡಿರಲಿಲ್ಲ.

ಗೋಡೆಯ ಬೆಂಚಿನಿಂದ ಒಬ್ಬ ಎದ್ದ, ಚಹಾ ಹಿಡಿದುಕೊಂಡು ಈ ಕಡೆ ಬಂದ. ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ಬಾಗಿಲ ಕಡೆಯ ಬೆಂಚಿನಲ್ಲಿ ಜಾಗ ಸಾಲದೆ ಕೆಲವರು ನಿಂತರು. ಅಮೀರ್ ಸಾಬ್ ಮಾತ್ರ ಏಳಲಿಲ್ಲ. ಆ ಕಡೆಯ ಅಷ್ಟುದ್ದದ ಬೆಂಚಿನಲ್ಲಿ ಈಗ ಅವನೊಬ್ಬನೇ.

"ನಿಮ್ಮಂಥವ್ರು ಸಿಕ್ಕಿದ್ದು ಛಲೋ ಆತ್ರಿ" ಎಂದು ಸಲಾವುದ್ದೀನ್ ಇನ್ನೊಂದು ಚಹಾ ತರಿಸಿದ. ಶೇಷಗಿರಿ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ.

ಹನುಮಂತ್ರಾಯನನ್ನು ಮಿಲ್ಲಿನ ಪರವಾಗಿ ನೋಡಲು ಬಂದವನು ತಾನೇ ಎಂದು ಆಮೇಲೆ ಹೇಳಿದ. ಹೆಸರು ಮಾತ್ರ ಹೇಳಲಿಲ್ಲ. ಎಲ್ಲರೂ ಸೇರಿ ಅವನನ್ನು ಶಾಲೆಯ ಮೈದಾನಕ್ಕೆ ಮೆರವಣಿಗೆಯಲ್ಲೇ ಕರೆದೊಯ್ದರು.

ಹನುಮಂತ್ರಾಯ ಲಾರಿ ತುಂಬಿ ನೇರ ಅಲ್ಲಿಗೇ ಬಂದ. ಕಲ್ಲೂರಿನವನು, ಇಪ್ಪತ್ತೆರಡರ ಪ್ರಾಯ, ತಲೆಯಲ್ಲಿ ಹತ್ತಿಯ ಎಳೆಗಳು. ನಮಸ್ಕಾರ ಮಾಡಲು ಸೊಂಟದಿಂದ ಬಾಗಿದರೂ ಶೇಷಗಿರಿಗಿಂತ ಎತ್ತರವಿದ್ದ.

"ಎದುರಿಗೆ ಯಾರರೆ ನಿಂತ್ರ ನನಗ ಗುರಿ ಸಿಗ್ತದ್ರಿ ಸರ್. ನೀವು ನಿಂದರ್ರಿ. ಕೈ ಎತ್ರಿ."

ಶೇಷಗಿರಿ ರಿಂಗಿಗೆ ಬೆನ್ನು ಮಾಡಿ ನಿಂತು ಎರಡೂ ಕೈ ಎತ್ತಿದ. ಹನುಮಂತ್ರಾಯ ಸುಮ್ಮನೆ ಜಿಗಿದು ಅವನ ಬೆರಳುಗಳ ಮೇಲಿಂದ ಬಾಲು ಹಾಕಿದ. ಹಿಂದೆ ಬಲೆಯ ಸದ್ದು. ಮತ್ತೆ ಹಾಕಿದ. ಮತ್ತೆ ಸದ್ದು. ಕಲಿಸಿದವರಿಲ್ಲದೆ ಬಂದ ಕೈ ಅದು. ಹತ್ತು ವರ್ಷ ಕಲಿತ ಶೇಷಗಿರಿಗೆ ಅದು ಒಳ್ಳೆಯ ಕೈಯೆಂದು ಗುರುತಿಸಲು ಎರಡು ಬಾಲು ಸಾಕಾಯಿತು. ಹೊಟ್ಟೆಕಿಚ್ಚಿಗಾಗಿ ತನ್ನೊಳಗೆ ತಡಕಾಡಿದ. ಅದೂ ಇರಲಿಲ್ಲ.

ಹಿಂದೆ, ರಿಂಗಿನ ಕಂಬದ ಬುಡದಲ್ಲಿ ಕೂತಿದ್ದ ಅಮೀರ್ ಸಾಬ್ ಎದ್ದು ಸುತ್ತಿ ಬಂದು ಶೇಷಗಿರಿಯ ಮುಖ ನೋಡಿದ. ಬಹಳ ಹೊತ್ತು ನೋಡಿದ.

"ಇದು ನಾ ನೋಡಿದ ಬೆನ್ನು" ಎಂದ, ಅವನಿಗಷ್ಟೇ ಕೇಳುವಂತೆ.

"ಬಿಸಿಲು ಭಾಳ ಅದರೀ" ಎಂದ ಶೇಷಗಿರಿ.

"ನಾ ಯಾರಿಗೂ ಹೇಳಂಗಿಲ್ಲ. ಆದ್ರ ಹೋಟೆಲಿನಾಗ ನಾ ಅಂದಿದ್ದು, ಅಂದಂಗೇ ಅದ."

"ನಿಮ್ಮ ಉಪಕಾರ" ಎಂದ ಶೇಷಗಿರಿ. ಮನಸಾರೆ ಅಂದ. ಮುದುಕ ತಲೆ ತಗ್ಗಿಸಿ ನೆರಳಿಗೆ ಹೋದ.

ಹನುಮಂತ್ರಾಯ ಬಾಲನ್ನು ಹೊಟ್ಟೆಗೆ ಆನಿಸಿಕೊಂಡು ಹತ್ತಿರ ಬಂದ. ಏನೋ ಕೇಳಬೇಕೆಂದು ಅವನ ಬಾಯಿ ಎರಡು ಸಲ ತೆರೆಯಿತು.

"ಸರ್, ನಾ ಬಂದ್ರ ಅಲ್ಲಿ ಯಾರರೆ ಹೋಗಬೇಕಾಗ್ತದೇನ್ರೀ? ಒಬ್ಬರ ಅನ್ನ ಕಸಗೊಂಡು ಆಡೋದು ನನ್ನ ಕೈಲೆ ಆಗಂಗಿಲ್ರಿ."

ವಹೀದರಿಗೆ ಹೇಳಬೇಕಾದ ಒಂದು ಮಾತು ಇನ್ನೂ ಶೇಷಗಿರಿಯ ಹತ್ತಿರವೇ ಇತ್ತು. ಬೇಕು, ಅಥವಾ ಬೇಡ. ದೇವದುರ್ಗದ ತಕ್ಕಡಿ ಕಣ್ಣ ಮುಂದೆ ಬಂತು. ತಾಯಿ ಬಂದಳು. ಮೂರು ಗಂಟೆಯ ಬಸ್ಸು ಹತ್ತಿ ಹೋಗಿ ಬೇಡ ಎಂದುಬಿಟ್ಟರೆ ಇನ್ನು ಹತ್ತು ವರ್ಷ ಯಾರೂ ಕೇಳುವವರಿಲ್ಲ.

"ಯಾರೂ ಹೋಗಬೇಕಾಗಿಲ್ಲಪ್ಪಾ" ಎಂದ. "ಆ ಜಾಗದಾಗ ಯಾರೂ ಇಲ್ಲ. ಭಾಳ ದಿನದಿಂದ ಖಾಲಿನೇ ಅದ."

ಹನುಮಂತ್ರಾಯನ ಮುಖ ಅರಳಿತು. "ನಿಮ್ಮನ್ನ ಮರಿಯಂಗಿಲ್ರಿ ಸರ್. ಇನ್ನೊಂದು ಹಾಕ್ತೀನಿ, ನೋಡ್ರಿ."

ಶೇಷಗಿರಿ ಮತ್ತೆ ಕೈ ಎತ್ತಿದ. ಬಾಲು ತಲೆಯ ಮೇಲೆ ಹಾದುಹೋಯಿತು. ಈ ಸಲ ಬಲೆಯ ಸದ್ದು ಬರಲಿಲ್ಲ, ನೆಲಕ್ಕೆ ಬಿದ್ದ ಸದ್ದೂ ಬರಲಿಲ್ಲ. ತಿರುಗಿ ನೋಡಿದ. ಬಾಲು ಬೋರ್ಡಿಗೂ ರಿಂಗಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡು ನಿಂತಿತ್ತು.

ಒಳಗೂ ಇಲ್ಲ, ಹೊರಗೂ ಇಲ್ಲ. ಎಲ್ಲರೂ ಮೇಲೆ ನೋಡುತ್ತ ನಿಂತರು. ಹನುಮಂತ್ರಾಯ ಒಮ್ಮೆ ಜಿಗಿದರೆ ಬರುತ್ತಿತ್ತು. ಆದರೆ ಬಾಲಿನ ಕೆಳಗೆ ಶೇಷಗಿರಿಯಂಥ ದೊಡ್ಡವರು ಕೈ ಚಾಚಿ ನಿಂತಿದ್ದರಿಂದ ಅವನು ಮರ್ಯಾದೆಗೆ ಹಿಂದೆ ಸರಿದ. ಶೇಷಗಿರಿಯ ಬೆರಳ ತುದಿಗೂ ಬಾಲಿಗೂ ಎರಡು ಮೊಳದ ಅಂತರವಿತ್ತು. ಶೇಷಗಿರಿ ಜಿಗಿಯಲಿಲ್ಲ. ಕೈಯನ್ನೂ ಇಳಿಸಲಿಲ್ಲ.