ಬಿರುಕಿನ ಮೇಲೆ ಹಸಿರು ಬಣ್ಣ

ನಾನು ಮರ ಕೊಯ್ಯುವ ಮೇಜು ಗರಗಸ. ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ. ಕಾದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ನನ್ನ ಅಗಲವಾದ ಮೈಯನ್ನು ಎರಕ ಹೊಯ್ದರು. ಆರಿದ ಮೇಲೆ ಕನ್ನಡಿಯಂತಾಗುವವರೆಗೆ ಉಜ್ಜಿದರು. ಕಾಲುಗಳಿಗೆ ಹಸಿರು ಬಣ್ಣ ಬಳಿದು ಎದೆಯ ಮೇಲೆ 'ವಜ್ರಧಾರ' ಎಂಬ ಹಿತ್ತಾಳೆಯ ಪಟ್ಟಿ ಹೊಡೆದರು. ಪಟ್ಟಿಯ ಕೆಳಗೆ 'ತಲೆತಲಾಂತರಕ್ಕೂ' ಎಂದು ಬರೆದಿತ್ತು. ನಾನು ಅದನ್ನು ನಂಬಿದ್ದೆ.

ನನ್ನ ಮೇಜಿನ ಅಡಿಯಲ್ಲಿ ಗರಗಸದ ಚಕ್ರವನ್ನು ಹೊತ್ತಿರುವ ಒಂದು ಎರಕದ ಭಾಗವಿದೆ. ಅದರ ಆಕಾರ ನೋಡಿ ಎಲ್ಲರೂ ತೊಟ್ಟಿಲು ಎನ್ನುತ್ತಾರೆ. ಚಕ್ರ ನೆಟ್ಟಗೆ ನಿಲ್ಲುವುದು ಈ ತೊಟ್ಟಿಲಿನ ಬಲದಿಂದ. ನನ್ನ ಕಥೆಯೆಲ್ಲ ಇರುವುದು ಅದರಲ್ಲೇ.

ನನ್ನನ್ನು ಮೊದಲು ಕೊಂಡವನು ಗದಗಿನ ಕಾಳಪ್ಪ ಮಿಸ್ತ್ರಿ. ಬಾಗಿಲು, ಚೌಕಟ್ಟು, ಮಂಚ ಮಾಡುವುದರಲ್ಲಿ ಅವನದು ದೊಡ್ಡ ಹೆಸರು. ಬೆಳಿಗ್ಗೆ ಬಂದವನೇ ನನ್ನ ಮೈಮೇಲಿನ ಹೊಟ್ಟನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತಿದ್ದ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಮೇಣ ಸವರುತ್ತಿದ್ದ. ನನ್ನ ದನಿಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಅವನಿಗೆ ತಿಳಿಯುತ್ತಿತ್ತು. ಅಂಥ ಕೈಗೆ ಸಿಕ್ಕಿದ್ದಕ್ಕೆ ಹೆಮ್ಮೆಪಡುತ್ತಿದ್ದೆ.

ಆ ಅಂಗಡಿಗೆ ಕಸ್ತೂರಿ ಬಂದದ್ದು ಪಾಲಿಶ್ ಕೆಲಸಕ್ಕೆ. ಅವಳ ಅಪ್ಪ ಅಲ್ಲೇ ಪಾಲಿಶ್ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಬ್ರಶ್ಶು ಅವಳ ಕೈಗೆ ಬಂತು. ಆದರೆ ಅವಳ ಕಣ್ಣು ಯಾವಾಗಲೂ ನನ್ನ ಮೇಲೆ. ಅದನ್ನು ಕಂಡ ಕಾಳಪ್ಪ ಒಂದು ದಿನ ಅವಳನ್ನು ಕರೆದು ನನ್ನ ಬಳಿ ನಿಲ್ಲಿಸಿದ.

"ಅಂಜಬ್ಯಾಡ. ಅಂಜಿದ್ರ ಕೈ ನಡಗತೈತಿ," ಎಂದ. "ಹಂಗಂತ ಸಲಿಗಿನೂ ಬ್ಯಾಡ."

ಅಳತೆ ಹಾಕುವುದು, ಮರದ ಎಳೆ ನೋಡುವುದು, ಹಲಗೆಯನ್ನು ಬಲವಂತ ಮಾಡದೆ ತಳ್ಳುವುದು, ಎಲ್ಲವನ್ನೂ ಕಲಿಸಿದ. ಹೆಣ್ಣುಮಗಳಿಗೆ ಮಷೀನು ಯಾಕೆಂದು ನಕ್ಕವರಿಗೆ ಅವನೇ ಉತ್ತರ ಕೊಟ್ಟ. ಅವಳು ಅವನನ್ನು ಕಾಕಾ ಎಂದು ಕರೆಯುತ್ತಿದ್ದಳು. ಇದೆಲ್ಲ ಸುಳ್ಳಾಗಿರಲಿಲ್ಲ. ಇಂದಿಗೂ ನನ್ನನ್ನು ನೋಯಿಸುವುದು ಅದೇ.

ಬೆಳಗಾವಿಯ ಕಾರ್ಖಾನೆ ಮುಚ್ಚಿದ ಸುದ್ದಿ ಬಂದಾಗ ಕಸ್ತೂರಿ ಹೊರಗೆ ತನ್ನದೇ ಚಿಕ್ಕಪುಟ್ಟ ಕೆಲಸ ಹಿಡಿಯತೊಡಗಿದ್ದಳು. ನನ್ನ ಎರಕದ ಮಾದರಿಗಳನ್ನು ಗುಜರಿಗೆ ಹಾಕಿದರಂತೆ. ವಜ್ರಧಾರದ ಒಂದು ಬೋಲ್ಟು ಸಹ ಇನ್ನು ಎಲ್ಲೂ ಸಿಗುವುದಿಲ್ಲವೆಂದು ಬಂದವರೊಬ್ಬರು ಕಾಳಪ್ಪನಿಗೆ ಹೇಳಿದರು. ಅವನು ನನ್ನ ಮೈ ತಟ್ಟಿ, "ಇದಕ್ಕೇನ ಆಗತೈತಿ," ಎಂದ.

ಆಗಿದ್ದು ಅದೇ ಬೇಸಿಗೆಯಲ್ಲಿ. ಲಾರಿಯಿಂದ ಇಳಿಸುತ್ತಿದ್ದ ಹೊನ್ನೆಯ ತೊಲೆಯೊಂದು ಹಮಾಲರ ಕೈ ಜಾರಿ ನನ್ನ ಮೇಲೆ ಬಿತ್ತು. ಮೇಜಿಗೆ ಏನೂ ಆಗಲಿಲ್ಲ. ಒಳಗೆ ತೊಟ್ಟಿಲು ಬಿರುಕು ಬಿಟ್ಟಿತು. ಎಲ್ಲರೂ ಹೋದ ಮೇಲೆ ಕಾಳಪ್ಪ ನನ್ನ ಅಡಿಗೆ ತೂರಿ, ಬಿರುಕಿನ ಉದ್ದಕ್ಕೂ ಬೆರಳು ಎಳೆದು ನೋಡಿದ. ಬಹಳ ಹೊತ್ತು ಅಲ್ಲೇ ಕುಳಿತಿದ್ದ.

ಅಂದಿನಿಂದ ಅವನು ನನ್ನ ಮುಂದೆ ನಿಲ್ಲಲಿಲ್ಲ. ದಪ್ಪ ಮರವನ್ನು ಕೊಯ್ಯಲು ಬೇರೆ ಅಡ್ಡೆಗೆ ಕಳಿಸಿದ. ನನ್ನಲ್ಲಿ ತೆಳ್ಳಗಿನ ಪ್ಲೈವುಡ್ಡನ್ನಷ್ಟೇ, ಅದೂ ಆಳುಗಳಿಂದ ಕೊಯ್ಯಿಸಿದ. ಕಡೆಗೊಂದು ಭಾನುವಾರ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಬಿರುಕಿಗೆ ಪುಟ್ಟಿ ಮೆತ್ತಿದ. ಒಣಗಿದ ಮೇಲೆ ಉಜ್ಜುಕಾಗದದಿಂದ ನಯ ಮಾಡಿ, ನನ್ನದೇ ಹಸಿರು ಬಣ್ಣ ಕಲಸಿ ಬಳಿದ. ಬಣ್ಣದಲ್ಲಿ ಹೊಸತನ ಕಾಣದಿರಲೆಂದು ಮೇಲೆ ಹೊಟ್ಟು, ಎಣ್ಣೆ ಸವರಿದ. ಇಷ್ಟು ಶ್ರದ್ಧೆಯಿಂದ ಅವನು ನನ್ನನ್ನು ಮುಟ್ಟಿ ಬಹಳ ಕಾಲವಾಗಿತ್ತು. ಯಾರೋ ದೂರದವನಿಗೆ ಸಾಗಹಾಕುತ್ತಾನೆಂದುಕೊಂಡೆ.

ಬಂದವಳು ಕಸ್ತೂರಿ. ಬೆಟಗೇರಿಯಲ್ಲಿ ಸ್ವಂತ ಅಂಗಡಿ ಹಾಕಲು ಹೊರಟಿದ್ದಳು. ನಾನು ಮಾರಾಟಕ್ಕಿರುವುದಾಗಿ ಅವಳಿಗೆ ಹೇಳಿಕಳಿಸಿದ್ದು ಅವನೇ. ಅವಳು ನನ್ನ ಮೋಟಾರು ಹಾಕಿ ದನಿ ಕೇಳಿದಳು, ತೆಳ್ಳನೆಯ ಹಲಗೆಯೊಂದನ್ನು ಕೊಯ್ದಳು. ಆಮೇಲೆ ಚೀಲದಿಂದ ಟಾರ್ಚು ತೆಗೆದು ನನ್ನ ಅಡಿಗೆ ಬಗ್ಗಿದಳು.

ಕಾಳಪ್ಪ ನಕ್ಕ. "ನನ್ನ ಮಗಳಿದ್ದಂಗ ನೀ. ನಿನಗ ಕೆಟ್ಟದ್ದ ಕೊಡ್ತೀನೇನ?"

ಅವಳ ಮುಖ ಕೆಂಪಾಯಿತು. "ಹಂಗಲ್ಲ ಕಾಕಾ, ಸುಮ್ನ ನೋಡಿದೆ," ಎಂದು ಟಾರ್ಚನ್ನು ಚೀಲಕ್ಕೆ ಹಾಕಿಕೊಂಡಳು.

ನನಗೆ ಬಾಯಿಲ್ಲ. ಕೂಗುವುದು ಮೋಟಾರು ಹಾಕಿದಾಗ ಮಾತ್ರ, ಅದೂ ಒಂದೇ ದನಿಯಲ್ಲಿ.

ಬೆಟಗೇರಿಯಲ್ಲಿ ಅವಳು ನನಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಳು. ಮೊದಮೊದಲು ಸಣ್ಣ ಕೆಲಸ. ಎಲ್ಲ ಸರಿಯಾಗೇ ನಡೆಯಿತು. ಆಮೇಲೆ ಮನೆಯೊಂದರ ಹೆಬ್ಬಾಗಿಲಿನ ಕೆಲಸ ಬಂತು. ಗಟ್ಟಿ ಮತ್ತಿಮರ. ಹಲಗೆ ಅರ್ಧ ದಾಟುವಷ್ಟರಲ್ಲಿ ನನ್ನೊಳಗೆ ಏನೋ ಕಳಚಿದಂತಾಯಿತು. ಚಕ್ರ ವಾಲಿ ಮರವನ್ನು ಕಚ್ಚಿ ಹಿಂದಕ್ಕೆ ಎಸೆಯಿತು. ಹಲಗೆ ಎಡಗೈಗೆ ಬಡಿದು ಅವಳನ್ನು ನೆಲಕ್ಕೆ ಕೆಡವಿತು. ನಾನು ತಡೆಯಲಾರದೆ ತಿರುಗುತ್ತಲೇ ಇದ್ದೆ. ಅವಳೇ ತೆವಳಿ ಬಂದು ಬಲಗೈಯಿಂದ ಸ್ವಿಚ್ಚು ಆರಿಸಿದಳು.

ಬೆರಳುಗಳ ಮೂಳೆ ಕೂಡಿದರೂ ಉಂಗುರದ ಬೆರಳು ಮತ್ತೆ ಪೂರ್ತಿ ಮಡಚಲಿಲ್ಲ.

ಕೈಗೆ ಪಟ್ಟಿ ಕಟ್ಟಿಕೊಂಡೇ ಅವಳು ಮೆಕ್ಯಾನಿಕ್ ನಜೀರನನ್ನು ಕರೆಸಿದಳು. ಅವನು ನನ್ನನ್ನು ಬಿಚ್ಚಿ, ತೊಟ್ಟಿಲಿನ ತುಂಡನ್ನು ಬೆಳಕಿಗೆ ಹಿಡಿದ.

"ಇದು ಇವತ್ತ ಒಡದಿದ್ದಲ್ಲ ಅಕ್ಕಾ. ಒಳಗ ಪುಟ್ಟಿ ಐತಿ ನೋಡ್ರಿ."

ಕಸ್ತೂರಿ ಬಣ್ಣದ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಪಾಲಿಶ್ ಕೆಲಸದಿಂದ ಬಂದವಳು. ಯಾರ ಕೈಯೆಂದು ಅವಳಿಗೆ ತಿಳಿಯಿತು.

"ಬ್ಯಾರೆ ಸಿಗಬಹುದೇನ?"

"ಕಂಪನಿನ ಇಲ್ಲಲ್ರಿ. ಬೆಸುಗಿ ಹಾಕಬಹುದು. ಆದ್ರ ಅದರ ಮುಂದ ನಿಮ್ಮನ್ನ ನಿಲ್ಲಸಾಕ ನನಗ ಮನಸ್ಸಿಲ್ಲ."

ಸುದ್ದಿ ತಿಳಿದು ಕಾಳಪ್ಪ ಬಾಳೆಹಣ್ಣು ಹಿಡಿದು ಬಂದ. ಹಣ್ಣನ್ನು ನನ್ನ ಮೇಲಿಟ್ಟ. ಅವಳ ಕೈ ನೋಡಿ ಕಣ್ಣು ಬೇರೆಡೆ ಹೊರಳಿಸಿದ.

"ಬಿರುಕ ಐತಂತ ನಿಮಗ ಗೊತ್ತಿತ್ತೇನ ಕಾಕಾ?"

"ಹಳೇ ಮಷೀನಿಗೆ ಯಾರ ಗ್ಯಾರಂಟಿ ಕೊಡ್ತಾರವ್ವಾ? ನೋಡಿ ತಗೊಳ್ಳೂದು ತಗೊಳ್ಳಾವ್ರ ಕೆಲಸ."

"ನೋಡಾಕ ಬಗ್ಗಿದ್ನಲ್ಲ," ಎಂದಳು ಕಸ್ತೂರಿ, ಮೆಲ್ಲಗೆ.

ಅವನು ಅಭ್ಯಾಸಬಲದಿಂದ ಹೆಗಲ ಟವೆಲು ತೆಗೆದು ನನ್ನ ಮೈ ಒರೆಸತೊಡಗಿದ.

"ಅದನ್ನ ಮುಟ್ಟಬ್ಯಾಡ್ರಿ," ಎಂದಳು.

ಅವನು ಟವೆಲು ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಹಣ್ಣು ನನ್ನ ಮೇಲೆಯೇ ಕಪ್ಪಾಯಿತು. ಕಡೆಗೆ ನಜೀರ ಅದನ್ನು ಬೀದಿಯ ಆಕಳಿಗೆ ಹಾಕಿದ.

ನಜೀರ ತೊಟ್ಟಿಲಿಗೆ ಬೆಸುಗೆ ಹಾಕಿದ, ಕಸ್ತೂರಿ ನನ್ನನ್ನು ಮಾರಾಟಕ್ಕಿಟ್ಟಳು. ಲಕ್ಷ್ಮೇಶ್ವರದಿಂದ ಒಬ್ಬ ಬಡಗಿ ಬಂದ. ಮೇಜು ಸವರಿ, ಮೋಟಾರು ಕೇಳಿ ಮೆಚ್ಚಿದ. ಒಯ್ಯಲು ಟೆಂಪೋ ಸಹ ತಂದಿದ್ದ. ಕಸ್ತೂರಿ ಸುಮ್ಮನೆ ನಿಂತಿದ್ದಳು. ಅವಳಿಗೆ ಬೇರೆ ಗರಗಸ ಬೇಕಿತ್ತು, ಹೆಬ್ಬಾಗಿಲು ಇನ್ನೂ ಅರ್ಧಕ್ಕೇ ನಿಂತಿತ್ತು. ಈಗ ಇವಳೂ ಅದೇ ಮಾಡುತ್ತಾಳೇನೋ ಎಂದು ನಾನು ಕಾದೆ. ಮನುಷ್ಯರ ಕೈಯನ್ನು ನಂಬುವುದನ್ನು ಆ ಹೊತ್ತಿಗೆ ಬಿಟ್ಟಿದ್ದೆ.

ಅವನು ಹಗ್ಗ ಬಿಚ್ಚತೊಡಗಿದಾಗ ಅವಳು, "ಕೆಳಗ ಬಗ್ಗಿ ನೋಡ್ರಿ," ಎಂದಳು. ತಾನೇ ದೀಪ ಹಿಡಿದು ಬೆಸುಗೆ ತೋರಿಸಿದಳು.

ಅವನು ಎದ್ದು ಮೊಳಕಾಲು ಕೊಡವಿಕೊಂಡ. "ನೀವು ಹೇಳದಿದ್ರ ನನಗ ಗೊತ್ತಾಗ್ತಿರಲಿಲ್ಲ."

"ನನಗೂ ಗೊತ್ತಾಗಿರಲಿಲ್ಲ," ಎಂದಳು.

ಅವನು ಖಾಲಿ ಟೆಂಪೋದಲ್ಲಿ ಹೋದ.

ಅವಳು ನನ್ನ ಚಕ್ರ, ಮೋಟಾರು ಬಿಚ್ಚಿ ನನ್ನನ್ನು ಗೋಡೆಯ ಬದಿಗೆ ನಿಲ್ಲಿಸಿದಳು. ಬಾಗಿಲನ್ನು ಬಾಡಿಗೆಯ ಗರಗಸದಲ್ಲಿ ಕೊಯ್ಯಿಸಿ ಮುಗಿಸಿದಳು. ಈಗ ಹಲಗೆಗಳಿಗೆ ಅಂಟು ಹಚ್ಚಿ ಕೂಡಿಸುವುದು ನನ್ನ ಮೇಲೆ, ಏಕೆಂದರೆ ನನ್ನಷ್ಟು ಸಪಾಟಾದದ್ದು ಆ ಅಂಗಡಿಯಲ್ಲಿ ಇನ್ನೊಂದಿಲ್ಲ. ತೊಲೆ ಬಿದ್ದದ್ದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಎರಕವೆಂದ ಮೇಲೆ ಒಡೆಯುತ್ತದೆ. ಕಾಳಪ್ಪ ತೊಟ್ಟಿಲು ಒಡೆದಿದೆಯೆಂದು ಹೇಳಿದ್ದರೆ ನಾನು ಅಂದೇ ಗುಜರಿಗೆ ಹೋಗುತ್ತಿದ್ದೆ, ಅವನ ಬಗ್ಗೆ ಒಳ್ಳೆಯದನ್ನೇ ನೆನೆಯುತ್ತ.

ಮೊನ್ನೆ ಮೇಷ್ಟರೊಬ್ಬರು ತಾವು ಮಾಡಿಸಿದ ಕಪಾಟನ್ನು ನೋಡಲು ಬಂದಿದ್ದರು. ಬಾಗಿಲ ಹಲಗೆಗಳು ಕೂಡಿದ ಗೆರೆಯನ್ನು ಬೆರಳಿನಿಂದ ಹುಡುಕಿ ಸಿಗದೆ, "ಯಾರ ಹತ್ರ ಕಲ್ತ್ರಿ ಇದನ್ನ?" ಎಂದು ಕೇಳಿದರು.

ಕಸ್ತೂರಿ ಕೈಯಲ್ಲಿದ್ದ ಉಳಿಯ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ಕಾಳಪ್ಪ ಮಿಸ್ತ್ರಿ ಅಂತ. ಗದಗದಾಗ ಅದಾರ," ಎಂದಳು. "ಚಲೋ ಕೆಲಸಗಾರ."

ಮೇಷ್ಟರು ಇನ್ನೇನಾದರೂ ಹೇಳುವಳೆಂದು ಕಾದರು. ನಾನೂ ಕಾದೆ. ಅವಳು ಉಳಿಯನ್ನು ಮಸೆಗಲ್ಲಿಗೆ ಇಟ್ಟು ತಿಕ್ಕತೊಡಗಿದಳು.