ಓದುಮನೆಯ ಮೂರನೇ ಕಂಪ್ಯೂಟರು

ಬಸವೇಶಣ್ಣನಿಗೆ ಓದುಮನೆಯ ಮೇಲೆ ದ್ವೇಷವೇನೂ ಇಲ್ಲ. ಅದರ ಜಾಗದ ಮೇಲೆ ಕಣ್ಣು, ಅಷ್ಟೆ. ನಂಜನಗೂಡಿನಲ್ಲಿ ಅವನಿಗೆ ಗೊಬ್ಬರದ ಅಂಗಡಿ ಇದೆ, ನಮ್ಮೂರಿನ ಸಂಘಕ್ಕೂ ಅವನೇ ಅಧ್ಯಕ್ಷ. ಕವಲಂದೆ ದಾಟಿ ಮೂರು ಮೈಲಿ ಬಂದರೆ ನಮ್ಮೂರು. ಸಂಘದ ಓದುಮನೆಯನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು, ಸರ್ವಮಂಗಳಾ. ಒಂದು ಸೋಮವಾರ ಸಂಜೆ ಅವನು ಬಾಗಿಲಲ್ಲೇ ನಿಂತು ಹೇಳಿದ:

"ಶುಕ್ರವಾರ ಸಂಘದ ಮೀಟಿಂಗ್ ಅದೆ ಮಂಗಳ. ಅಷ್ಟರೊಳಗೆ ಈ ನಾಲ್ಕು ಡಬ್ಬಾನೂ ಸರಿಯಾಗಿ ಓಡಿದ್ರೆ ಇರ್ಲಿ. ಇಲ್ದಿದ್ರೆ ಗುಜರಿಗೆ ಹಾಕ್ಬುಟ್ಟು ರೂಮ್ ಖಾಲಿ ಮಾಡ್ಕೊಡು. ನನ್ನ ಗೊಬ್ಬರದ ಮೂಟೆ ನೆನೀತಾ ಅವೆ."

"ಓಡ್ತವೆ ಅಣ್ಣ, ಬಂದು ನೋಡು" ಎಂದೆ. ಮೈಯೆಲ್ಲ ಉರಿದುಹೋಗಿತ್ತು.

ನಾಲ್ಕು ವರ್ಷದ ಹಿಂದೆ ಮೈಸೂರಿನ ಯಾವುದೋ ಕಾಲೇಜು ಬೇಡವೆಂದು ಕೊಟ್ಟ ಕಂಪ್ಯೂಟರುಗಳು ಅವು. ಹೊಸ ವಿಂಡೋಸ್ ಹಾಕಿದರೆ ಏದುಸಿರು ಬಿಡುತ್ತಿದ್ದವು. ಟಿ. ನರಸೀಪುರದಲ್ಲಿ ಕಂಪ್ಯೂಟರ್ ಪಾಠ ಹೇಳುವ ಬನ್ನೂರಿನ ಶ್ವೇತ ಫೋನಿನಲ್ಲೇ ಹೇಳಿಕೊಟ್ಟು ನಾಲ್ಕಕ್ಕೂ ನನ್ನ ಕೈಯಿಂದ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದಳು. ಅದರ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್. ಅದು ಯಾರಪ್ಪನ ಸ್ವತ್ತೂ ಅಲ್ಲ, ಬೇಕಾದಂತೆ ತಿದ್ದಿಕೊಳ್ಳಬಹುದು. ನಾನು ತಿದ್ದಿದೆ. ಹಳೇ ಮಾನಿಟರುಗಳ ಕೆಳಗಿನ ಎರಡು ಬೆರಳಗಲ ಸತ್ತು ಕಪ್ಪಾಗಿತ್ತು, ಅದಕ್ಕೆ ಕೆಳಗಿನ ಪಟ್ಟಿಯನ್ನು ಮೇಲಕ್ಕೆ ಹತ್ತಿಸಿದೆ. ಅದರಲ್ಲಿ ಮೂರೇ ದೊಡ್ಡ ಗುಂಡಿ: ಪತ್ರಿಕೆ, ಪಹಣಿ, ಅರ್ಜಿ. ಕನ್ನಡಕ ಮರೆತು ಬಂದವರೂ ಓದಬೇಕು, ಅಷ್ಟು ದಪ್ಪ ಅಕ್ಷರ.

ಮಂಗಳವಾರ ಬೆಳಿಗ್ಗೆ ಸಾಕಮ್ಮ ಬಂದಳು. ಏಳನೇ ಕ್ಲಾಸು ಓದಿದ ಐವತ್ತೈದರ ಹೆಂಗಸು, ಊರಿನ ಹೆಂಗಸರ ಅರ್ಜಿಗಳನ್ನೆಲ್ಲ ಬರೆಯುವವಳು ಅವಳೇ. ಕೂರುವುದು ಯಾವಾಗಲೂ ಮೂರನೇ ಕಂಪ್ಯೂಟರಿನ ಮುಂದೆ. 'ದಯವಿಟ್ಟು' ಎಂದು ಶುರು ಮಾಡಲು ದ ಒತ್ತಿದಳೋ ಇಲ್ಲವೋ, ಬರೆಯುತ್ತಿದ್ದ ಹಾಳೆ ಮಾಯ. ಎ ಒತ್ತಿದರೆ ಕೇಳದ ಫೋಲ್ಡರೊಂದು ತೆರೆದು ಕೂರುತ್ತಿತ್ತು.

"ಮಂಗಳವ್ವ, ನಾ ಏನೂ ಮಾಡ್ನಿಲ್ಲ ಕಣವ್ವ! ಮುಟ್ಟುದ್ರೆ ಸಾಕು, ಎಲ್ಲಾ ಎತ್ಲಾಗೋ ಓಯ್ತದೆ."

ಸಾಕಮ್ಮನಿಗೆ ಬೈದೆ, ಬಂದವರಿಗೆಲ್ಲ ಬೈದೆ. ಯಾರೋ ಏನೋ ಒತ್ತಿ ಸೆಟ್ಟಿಂಗ್ ಕೆಡಿಸಿದ್ದಾರೆ ಎಂದೇ ನನ್ನ ತೀರ್ಮಾನ. ಮಂಗಳವಾರವೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ. ಬುಧವಾರ ಶ್ವೇತ ಸೆಟ್ಟಿಂಗುಗಳ ಫೋಲ್ಡರನ್ನು ಪಕ್ಕಕ್ಕೆ ಎತ್ತಿಡಿ ಎಂದಳು. ಆತುರಗಾರಳು ನಾನು, ಅಳಿಸಿಯೇ ಬಿಟ್ಟೆ. ನನ್ನ ಮೂರು ಗುಂಡಿ, ದಪ್ಪ ಅಕ್ಷರ, ಎಲ್ಲ ಹೊಳೆಪಾಲು. ರೋಗ ಮಾತ್ರ ಹಾಗೇ ಇತ್ತು. ಆ ಕಂಪ್ಯೂಟರಿನಲ್ಲಿ ಯಾರೂ ಬಳಸದ ಇನ್ನೊಂದು ಖಾತೆಯಿತ್ತು, ಅದನ್ನು ತೆರೆದರೆ ಅಲ್ಲೂ ಅದೇ ಹಾಡು.

"ಯಾರೂ ಮುಟ್ಟದ ಖಾತೇಲೂ ಹಂಗೇ ಆದ್ರೆ ತಪ್ಪು ಸೆಟ್ಟಿಂಗ್‌ದಲ್ಲ ಮೇಡಂ. ಕೀಬೋರ್ಡ್ ಬದಲಾಯ್ಸಿ ನೋಡಿ" ಎಂದಳು ಶ್ವೇತ.

ನಾಲ್ಕನೆಯದರ ಕೀಬೋರ್ಡನ್ನು ಮೂರನೆಯದಕ್ಕೆ ಚುಚ್ಚಿದೆ, ಅದು ಸುಮ್ಮನಾಯಿತು. ಇದರದನ್ನು ನಾಲ್ಕನೆಯದಕ್ಕೆ ಚುಚ್ಚಿದೆ, ಅದಕ್ಕೆ ಹುಚ್ಚು ಹಿಡಿಯಿತು. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದಾಗ ಮೇಜಿನ ಮೇಲೆ ಬಿಳಿ ಪುಡಿ ಉದುರಿತು. ವಿಭೂತಿ.

ಪ್ರತಿ ಸೋಮವಾರ ಬೀಗ ತೆಗೆದ ಕೂಡಲೇ ನಾಲ್ಕೂ ಕೀಬೋರ್ಡಿನ ಎಡ ಕೆಳಮೂಲೆಗೆ ಮೂರು ಬೆರಳಲ್ಲಿ ಒದ್ದೆ ವಿಭೂತಿ ಎಳೆಯುವವಳು ನಾನೇ. ನಮ್ಮಪ್ಪ ಅಂಗಡಿಯ ತಕ್ಕಡಿಗೆ ಹಚ್ಚುತ್ತಿದ್ದರು, ನಾನು ಕೀಬೋರ್ಡಿಗೆ. ನಾಲ್ಕು ವರ್ಷದ್ದು ಒಳಗಿಳಿದು, ಮೂರನೆಯದರಲ್ಲಿ ಗಾರೆಯಂತೆ ಗಟ್ಟಿಯಾಗಿ, ಕಿಟಕಿ ಗುರುತಿನ ಕೀಲಿಯನ್ನು ಒತ್ತಿದಂತೆಯೇ ಹಿಡಿದುಬಿಟ್ಟಿತ್ತು. ಆ ಕೀಲಿಯ ಜೊತೆಗೆ ಒತ್ತಿದ ಪ್ರತಿ ಅಕ್ಷರವೂ ಕಂಪ್ಯೂಟರಿಗೆ ಒಂದೊಂದು ಅಪ್ಪಣೆ. ನನಗೆ ನಾಚಿಕೆಯಾಯಿತು. ಸಾಕಮ್ಮನ ಕೈ ಹಿಡಿದು ತಪ್ಪಾಯಿತು ಎಂದೆ.

"ಬುಡವ್ವ, ದೇವ್ರೇ ಅಡ್ಡ ಬಂದವ್ನೆ, ನೀನೇನ್ ಮಾಡೀಯೆ" ಎಂದು ಅವಳು ನಕ್ಕಳು.

ಗುರುವಾರ ಸೇಫ್ಟಿ ಪಿನ್ನು, ಒದ್ದೆ ಬಟ್ಟೆ ಹಿಡಿದು ನಾಲ್ಕೂ ಕೀಬೋರ್ಡು ಬಿಚ್ಚಿಕೊಂಡು ಕೂತೆ. ಅಳಿಸಿದ್ದನ್ನು ಮತ್ತೆ ಕಟ್ಟಲು ನನ್ನ ಕೈಗೆ ಬಿಡುವಿರಲಿಲ್ಲ, ಸಾಕಮ್ಮನನ್ನೇ ಮೌಸಿನ ಮುಂದೆ ಕೂರಿಸಿದೆ. ನಾನು ಹೇಳುವುದು, ಅವಳು ಮಾಡುವುದು. ಮೂರು ಸಲ ಕೆಡಿಸಿದಳು, ನಾಲ್ಕನೇ ಸಲ ಕಟ್ಟಿ ನಿಲ್ಲಿಸಿದಳು. ಇನ್ನೊಮ್ಮೆ ಅಳಿದರೆ ವಾಪಸು ತರಲೆಂದು ಅದನ್ನು ಅವಳ ಹೆಸರಿನಲ್ಲೇ ಉಳಿಸಿಟ್ಟೆವು.

ಶುಕ್ರವಾರ ಬಸವೇಶಣ್ಣ ಸಂಘದವರನ್ನು ಕರೆತಂದ. ಹಿಂದೆಯೇ ಗೊಬ್ಬರದ ಮೂಟೆ ಹೇರಿದ ಟೆಂಪೋ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಗಿರಾಕಿ! ನಾಲ್ಕೂ ಕಂಪ್ಯೂಟರು ಓಡುತ್ತಿದ್ದವು. ನಡೆದದ್ದನ್ನು ನಾನೇ ಮುಚ್ಚುಮರೆಯಿಲ್ಲದೆ ಹೇಳಿದೆ. ಎಲ್ಲರೂ ನಕ್ಕರು, ಬಸವೇಶಣ್ಣನಿಗೆ ಅಷ್ಟೇ ಸಾಕಾಯಿತು.

"ಕೇಳುದ್ರಾ? ಕೆಡ್ಸಿದ್ದೂ ಇವಳೇ, ರಿಪೇರಿ ಮಾಡಿದ್ದೂ ಇವಳೇ. ನಾಳೆ ಇವಳು ಮಲಗುದ್ರೆ? ಆ ನರಸೀಪುರದ ಹುಡುಗಿ ಫೋನ್ ಎತ್ತದಿದ್ರೆ? ಊರಲ್ಲಿ ಇನ್ನೊಬ್ರಿಗೆ ಗೊತ್ತೇನ್ರಪ್ಪ ಈ ವಿದ್ಯೆ?"

ಮಾತಿನಲ್ಲಿ ಹುರುಳಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಮೂರನೇ ಕಂಪ್ಯೂಟರಿನ ಕುರ್ಚಿ ಎಳೆದೆ.

"ಕೂತ್ಕೊ ಅಣ್ಣ. ಎಷ್ಟು ಬೇಕೋ ಅಷ್ಟು ಕೆಡಿಸು. ನಾನು ಕೈ ಹಾಕಲ್ಲ."

ಅವನೂ ಬಿಡುವವನಲ್ಲ. ಕೂತು ಅಲ್ಲಿ ಇಲ್ಲಿ ಒತ್ತಿ, ಪಟ್ಟಿಯನ್ನು ತೆಗೆದುಹಾಕುವ ದಾರಿ ಕಂಡುಕೊಂಡ. ಖಂಡಿತವೇ ಎಂದು ಅದು ಕೇಳಿತು, ಹೌದು ಎಂದು ಒತ್ತಿದ. ಗುಂಡಿಗಳೆಲ್ಲ ಹೋಗಿ ಬರೀ ನೀಲಿ ಪರದೆ ಉಳಿಯಿತು. ನಾನು ಕೈಕಟ್ಟಿ ಗೋಡೆಗೆ ಒರಗಿದೆ.

ಹಿಂದಿನಿಂದ ಸಾಕಮ್ಮ ಎದ್ದು ಬಂದಳು. "ಸಾವ್ಕಾರ್ರೇ, ವಸಿ ಎದ್ದೇಳಿ. ಅದು ನನ್ ಜಾಗ."

ಅವನು ಎದ್ದ. ಸಾಕಮ್ಮ ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದಳು. ಮೆನು ಬಂತು. ತುಟಿ ಅಲ್ಲಾಡಿಸುತ್ತ ಒಂದೊಂದೇ ಓದಿ, ಸೆಟ್ಟಿಂಗಿಗೆ ಹೋಗಿ, ತನ್ನ ಹೆಸರು ಹುಡುಕಿ ಒತ್ತಿದಳು. ಮೂರು ಗುಂಡಿಯೂ ಮೇಲೆ ಬಂದು ಕೂತವು. ಯಾರ ಮುಖವನ್ನೂ ನೋಡದೆ ಅವಳು ಅರ್ಜಿಯ ಗುಂಡಿ ಒತ್ತಿ ಬರೆಯತೊಡಗಿದಳು.

"ಓಡ್ತಾ ಅವಲ್ಲ ಬಸವೇಶಣ್ಣ, ಇನ್ನೇನು?" ಎಂದರು ಸಂಘದ ಮಹಾದೇವಸ್ವಾಮಿ.

ಬಸವೇಶಣ್ಣ ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ ಟೆಂಪೋ ಡ್ರೈವರ್ ಕೂಗಿದ: "ಸಾ, ಮೂಟೆ ಎಲ್ಲಿ ಇಳಿಸ್ಲಿ?"

ಸಾಕಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಂಜನಗೂಡ್ಗೇ ತಿರುಗ್ಸಪ್ಪ. ಇಲ್ಲಿ ನಾವ್ ಕೂತಿದ್ದೀವಿ."