ತುಕ್ಕು ಹಿಡಿಯದ ಹಾಗೆ

ಜುಮಾ ನಮಾಜು ಮುಗಿಸಿ ಗಂಡಸರು ಗುಡ್ಡೆ ಹತ್ತಿ ಬರುವುದರೊಳಗೆ ಎರಡನೆಯದನ್ನೂ ಒರೆಸಿ ಮುಗಿಸಬೇಕೆಂದು ಸಾಲಿಹಾ ಅವಸರ ಮಾಡುತ್ತಿದ್ದಳು. ಜಗಲಿಯ ಮೆಟ್ಟಿಲ ಮೇಲೆ ಕುಳಿತು, ಸಣ್ಣ ಕಾವಲಿಯಷ್ಟು ಅಗಲದ ಆ ಕಬ್ಬಿಣದ ತಟ್ಟೆಯನ್ನು ಮಡಿಲಿಗೆಳೆದುಕೊಂಡು, ತೆಂಗಿನೆಣ್ಣೆಯಲ್ಲಿ ಅದ್ದಿದ ಬನಿಯನ್ ತುಂಡಿನಿಂದ ಎರಡೂ ಬದಿ ತಿಕ್ಕಿದಳು. ಆಮೇಲೆ ಒಣಬಟ್ಟೆಯಿಂದ ಮೇಲಿನ ಜಿಡ್ಡು ತೆಗೆದಳು. ಎಣ್ಣೆ ಕಬ್ಬಿಣದೊಳಗೆ ಇಳಿಯಬೇಕೇ ಹೊರತು ಮೇಲೆ ನಿಲ್ಲಬಾರದು. ಅದು ಅವಳಿಗೆ ಅತ್ತೆ ಕಲಿಸಿದ್ದು. ಕೊನೆಗೆ ಮಗ ಇಟ್ಟಿದ್ದ ಹಾಗೆಯೇ ಎರಡನ್ನೂ ಗೋಣಿಯ ಮೇಲೆ ಬಿಸಿಲಿಗಿಟ್ಟು ಎದ್ದಳು.

ಮಗ ನಿಝಾರ್ ದಮ್ಮಾಮಿನಲ್ಲಿ ಟಯರ್ ಮಾರುವ ಅಂಗಡಿಯಲ್ಲಿದ್ದ. ಎರಡು ತಿಂಗಳ ರಜೆಯಲ್ಲಿ ಬಂದವನು ಬಂದ ವಾರದಲ್ಲೇ ಯಾರೋ ಓಡಿಸಿ ಬಿಟ್ಟ ಬಿಳಿ ಝೆನ್ ಕಾರೊಂದನ್ನು ಕೊಂಡಿದ್ದ. ಬ್ರೇಕ್ ತುಳಿದಾಗೆಲ್ಲ ಅದು ಕಿರ್ರೆನ್ನುತ್ತಿತ್ತು. ವೇಣೂರು ಪೇಟೆಯ ಗ್ಯಾರೇಜಿನ ಸಂಕಪ್ಪ, ಬಿಟ್ಟು ಹೋಗಿ, ಸಂಜೆಯೊಳಗೆ ಮಾಡಿಕೊಡುತ್ತೇನೆ ಎಂದಿದ್ದ. ಆದರೆ ಗಲ್ಫಿನಿಂದ ಬಂದವರಿಗೆ ಊರಿನಲ್ಲಿ ಯಾರ ಕೆಲಸ ಹಿಡಿಸುತ್ತದೆ? ಸಂಕಪ್ಪನ ಹತ್ತಿರ ಸುತ್ತಿಗೆ ಬಿಟ್ಟರೆ ಬೇರೆ ಸಾಮಾನೇ ಇಲ್ಲವೆಂದು ನಿಝಾರ್ ನಕ್ಕುಬಿಟ್ಟ. ತನ್ನ ಅಂಗಡಿಯ ಎದುರಿನ ವರ್ಕ್‌ಶಾಪಿನಲ್ಲಿ ನೂರು ಸಲ ನೋಡಿದ ಕೆಲಸ ಅದು. ಮಂಗಳೂರಿನಿಂದ ಬ್ರೇಕಿನ ಹೊಸ ಡಿಸ್ಕುಗಳನ್ನೂ, ಅಂದರೆ ಆ ಕಬ್ಬಿಣದ ತಟ್ಟೆಗಳನ್ನೂ, ಪ್ಯಾಡುಗಳನ್ನೂ ತಂದು, ಶುಕ್ರವಾರ ಬೆಳಿಗ್ಗೆ ಅಂಗಳದಲ್ಲೇ ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ಬಿಚ್ಚಿದ. ಹಿಂದಿನ ರಜೆ ಮುಗಿಸಿ ಅವನು ಮರಳುವಾಗಲೇ ಬಸುರಿಯಾಗಿದ್ದ ಹೆಂಡತಿ ಸಜ್ನಾಳಿಗೆ ಈಗ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ಅವಳನ್ನು ಮೂಡಬಿದಿರೆಯ ತಾಯಿಮನೆಗೆ ಅದೇ ಸಂಜೆ ಬಿಟ್ಟು ಬರಬೇಕಿತ್ತು.

ಬಿಚ್ಚಿದ ಹಳೆಯ ಡಿಸ್ಕನ್ನು ಅವನು ತಾಯಿಗೆ ತೋರಿಸಿದ್ದ. ಮೈಯೆಲ್ಲ ಗೀರು, ಅಂಚಿನಲ್ಲಿ ಕೆಂಪು ಹುಡಿ. "ನೋಡಿ ಉಮ್ಮಾ, ತುಕ್ಕು ಹೇಗೆ ತಿಂದು ಹಾಕಿದೆ!" ಎಂದಿದ್ದ. ಸಾಲಿಹಾಳ ತಲೆಗೆ ಹೋದದ್ದು ಅದೊಂದೇ ಮಾತು. ಆ ಮನೆಯಲ್ಲಿ ಎಣ್ಣೆ ಕಾಣದ ಕಬ್ಬಿಣವಿರಲಿಲ್ಲ. ಕತ್ತಿ, ಮೆಟ್ಟುಕತ್ತಿ, ತೆಂಗಿನಕಾಯಿ ತುರಿಯುವ ಹಲ್ಲು, ಮಳೆಗಾಲಕ್ಕೆ ಮೊದಲು ಬಾಗಿಲಿನ ಚಿಲಕ ಕೂಡ ಅವಳ ಬಟ್ಟೆಯ ಕೆಳಗೆ ಹಾದುಹೋಗಬೇಕು. ಮಗ ಹೊಸ ಡಿಸ್ಕುಗಳನ್ನು ಪೆಟ್ರೋಲಿನಲ್ಲಿ ಒರೆಸಿ, ಬಿಸಿಲಿಗಿಟ್ಟು ಮಸೀದಿಗೆ ಹೋದ ಮೇಲೆ ನೋಡಿದರೆ ಅವು ಬೂದಿ ಬಣ್ಣಕ್ಕೆ ತಿರುಗಿ ಒಣಗಿ ನಿಂತಿದ್ದವು. ಪಾಪ, ಇವನಿಗೆ ಅಷ್ಟೂ ತಿಳಿಯದು ಎಂದುಕೊಂಡಳು.

ಅವಳಿಗೆ ಸಂತೋಷವೇ ಆಗಿತ್ತು. ಮಗ ಬಂದ ಮೇಲೆ ಅವಳ ಕೈಗೆ ಕೆಲಸವೇ ಇರಲಿಲ್ಲ; ನೀವು ಕುಳಿತುಕೊಳ್ಳಿ, ನೀವು ಮುಟ್ಟಬೇಡಿ ಎಂಬುದೇ ಅವನ ಪಾಠ. ಹೋದ ವಾರ ಅವನ ಹೊಸ ವಿಸಿಡಿ ಪ್ಲೇಯರಿನ ಧೂಳನ್ನು ಒದ್ದೆಬಟ್ಟೆಯಲ್ಲಿ ಒರೆಸಿದ್ದಕ್ಕೆ ಸೊಸೆಯ ಎದುರಿಗೇ ರೇಗಿದ್ದ. ಈ ಮನುಷ್ಯ ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಎಂದು ಅವಳು ರಾತ್ರಿಯಿಡೀ ನೊಂದಿದ್ದಳು. ಈಗ ಅವನಿಗೆ ತಿಳಿಯದ ಹಾಗೆ ಅವನಿಗೊಂದು ಉಪಕಾರ ಮಾಡಿದ್ದಳು.

ನಿಝಾರ್ ಊಟ ಮುಗಿಸಿ, ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಕುಳಿತ. ಮೀನು ಹುರಿದ ಎಣ್ಣೆಯ ವಾಸನೆ ಮನೆಯಿಂದ ಅಂಗಳದವರೆಗೂ ಹಬ್ಬಿತ್ತು. ಅದರಲ್ಲಿ ಡಿಸ್ಕಿನ ವಾಸನೆ ಯಾರ ಮೂಗಿಗೂ ಬೇರೆಯಾಗಿ ಸಿಗುವಂತಿರಲಿಲ್ಲ. ಒಂದು ಬದಿ ಮುಗಿಯಿತು. ಇನ್ನೊಂದು ಬದಿಗೂ ಡಿಸ್ಕ್ ಕೂರಿಸಿ, ಅದನ್ನು ಕಚ್ಚಿ ಹಿಡಿಯುವ ಪ್ಯಾಡುಗಳನ್ನಿಟ್ಟು ಬೋಲ್ಟು ಬಿಗಿದ. ಏಣಿ ವಾಪಸು ಕೊಡಲು ಬಂದ ನೆರೆಯ ಮಾಯಿಲಪ್ಪ ಅಲ್ಲೇ ನಿಂತು, ಹಕೀಂ ಬ್ಯಾರಿಗಳ ಮಗ ಮನಸ್ಸು ಮಾಡಿದರೆ ಪೇಟೆಯ ಗ್ಯಾರೇಜುಗಳೆಲ್ಲ ಬಾಗಿಲು ಹಾಕಬೇಕು ಎಂದು ಹೊಗಳಿದ. ಕುರ್ಚಿಯಲ್ಲಿದ್ದ ತಂದೆ ಅಬ್ದುಲ್ ಹಕೀಂ ಉಬ್ಬಿಹೋದ. ತನ್ನದೂ ಒಂದು ಮಾತಿರಲಿ ಎಂದು, ಆ ತಿರುಗುವ ಕಡೆಗೆ ಚೂರು ಗ್ರೀಸ್ ಹಚ್ಚಬಾರದೇ ಎಂದು ಕೇಳಿದ.

"ಎಣ್ಣೆ, ಗ್ರೀಸ್ ಇದಕ್ಕೆ ಸೋಕ್ಲೇಬಾರ್ದು ಬಾಪ," ಎಂದ ನಿಝಾರ್, ತಲೆಯೆತ್ತದೆ. "ಒಂದು ಹನಿ ಬಿದ್ರೂ ಮುಗೀತು. ಪ್ಯಾಡು ಎಣ್ಣೆ ಕುಡೀತದೆ, ಮತ್ತೆ ಎಷ್ಟು ತುಳಿದ್ರೂ ಹಿಡಿಯುದಿಲ್ಲ, ಜಾರ್ತದೆ. ಅದಕ್ಕೇ ಅಲ್ವಾ ಬೆಳಿಗ್ಗೆ ಪೆಟ್ರೋಲಿನಲ್ಲಿ ಒರೆಸಿ ಇಟ್ಟದ್ದು."

ಚಹಾದ ತಟ್ಟೆ ಹಿಡಿದು ಬಾಗಿಲು ದಾಟುತ್ತಿದ್ದ ಸಾಲಿಹಾಳ ಕಾಲು ಅಲ್ಲೇ ನಿಂತಿತು. ಹೇಳಿಬಿಡಬೇಕು ಎಂದುಕೊಂಡಳು. ಆದರೆ ಮಾಯಿಲಪ್ಪ ನಿಂತಿದ್ದ, ಸೊಸೆ ಕಿಟಕಿಯಲ್ಲಿದ್ದಳು. ಮಗನ ಮುಖದಲ್ಲಿ ಬಂದಂದಿನಿಂದ ಕಾಣದ ಕಳೆಯೊಂದಿತ್ತು. ಇಷ್ಟು ಹೊತ್ತು ಬೆವರು ಸುರಿಸಿದ್ದನ್ನು ಪೂರ್ತಿ ಬಿಚ್ಚು ಎಂದು ಯಾವ ಬಾಯಲ್ಲಿ ಹೇಳುವುದು? ಮಾಯಿಲಪ್ಪ ಹೋಗಲಿ, ಒಬ್ಬನೇ ಸಿಕ್ಕಿದಾಗ ಹೇಳುತ್ತೇನೆ ಎಂದು ಚಹಾ ಕೊಟ್ಟು ಒಳಗೆ ಬಂದಳು. ಒಣಬಟ್ಟೆಯಿಂದ ತೆಗೆದಿದ್ದೇನಲ್ಲ, ಎಷ್ಟು ಉಳಿದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎಣ್ಣೆ ಒಳಗೆ ಇಳಿಯಬೇಕು ಎಂದು ತಿಕ್ಕಿದ್ದು ತಾನೇ ಎಂಬುದು ಮರುಕ್ಷಣವೇ ನೆನಪಾಯಿತು.

ಮಾಯಿಲಪ್ಪ ಹೋಗಲಿಲ್ಲ. ಕಾರು ಅಂಗಳದಲ್ಲಿ ಹತ್ತು ಮಾರು ಮುಂದೆ ಹೋಗಿ ನಿಲ್ಲುವುದನ್ನು ನೋಡಿಯೇ ಹೋಗುತ್ತೇನೆ ಎಂದು ಕುಳಿತ. ನಿಝಾರ್ ಪೆಡಲನ್ನು ಐದಾರು ಸಲ ತುಳಿದು, ನಿಧಾನಕ್ಕೆ ಬಿಟ್ಟು, ಬ್ರೇಕ್ ಒತ್ತಿದ. ಕಾರು ನಿಂತಿತು. ನಿಲ್ಲುವ ಮೊದಲು ಒಂದು ಮೊಳ ಹೆಚ್ಚು ಹೋಯಿತು, ಅಷ್ಟೆ. ತುಸು ಮೆತ್ತಗಿದೆಯಲ್ಲ ಎಂದು ಹಕೀಂ ಅನುಮಾನಿಸಿದ. ಅದಕ್ಕೂ ನಿಝಾರನ ಬಳಿ ಉತ್ತರವಿತ್ತು.

"ಹೊಸ ಪ್ಯಾಡು ಹಾಗೇ ಬಾಪ. ಐವತ್ತು ಕಿಲೋಮೀಟರ್ ಓಡ್ಬೇಕು, ಮತ್ತೆ ಗಟ್ಟಿ ಹಿಡೀತದೆ."

ನಿಂತಿತಲ್ಲ, ನಿಂತಿತಲ್ಲ ಎಂದು ಸಾಲಿಹಾ ಒಳಗೇ ಅಂದುಕೊಂಡಳು. ಮಗ ಸ್ನಾನಕ್ಕೆ ಹೋದ. ಬಚ್ಚಲಿನ ಬಾಗಿಲವರೆಗೆ ಹೋಗಿ, ಒಳಗೆ ನೀರು ಹೊಯ್ಯುವ ಸದ್ದು ಕೇಳುತ್ತ ನಿಂತು, ಹಿಂದೆ ಬಂದಳು. ಅಷ್ಟರಲ್ಲಿ ಸೊಸೆಯ ಪೆಟ್ಟಿಗೆ ಕಟ್ಟಬೇಕಾಯಿತು. ಬಿಸಿನೀರಿನ ಫ್ಲಾಸ್ಕು, ಉಪ್ಪಿನಕಾಯಿಯ ಭರಣಿ, ಹುಟ್ಟುವ ಮಗುವಿಗೆಂದು ಮೆತ್ತಗೆ ಒಗೆದು ಮಡಚಿದ ಹಳೆಯ ಬಟ್ಟೆಗಳು. ಆ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು, ತೆಗೆದು, ಮತ್ತೆ ಮಡಚಿ ಇಟ್ಟಳು.

ಹೊರಡುವಾಗ ಸಜ್ನಾ ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಸಾಲಿಹಾ ಕಾರನ್ನು ಸುತ್ತಿ ಮಗನ ಬದಿಗೆ ಬಂದಳು. ಹೇಳಲು ಬಾಯಿ ತೆರೆದಳು.

"ನಿಝಾರ್, ನಾಳೆ ಹೋದ್ರೆ ಆಗ್ತದಾ?"

"ನಾಳೆ ಯಾಕೆ ಉಮ್ಮಾ? ಅಲ್ಲಿ ಎಲ್ಲಾ ಕಾಯ್ತಾ ಇದ್ದಾರೆ." ಅವನ ಹುಬ್ಬು ಆಗಲೇ ಗಂಟಿಕ್ಕಿತ್ತು.

"ಏನಿಲ್ಲ. ನಿಧಾನ ಹೋಗು," ಎಂದಳು.

ಸಜ್ನಾಳಿಗೆ ಸೆಕೆ ತಡೆಯದೆಂದು ಎಸಿ ಹಾಕಿ, ಗಾಜು ಏರಿಸಿ, ಅವನು ಗೇಟು ದಾಟಿದ. ಕಾರಿನ ಹಿಂಭಾಗ ಇಳಿಜಾರಿಗೆ ಬಾಗಿದ್ದೇ ತಡ, ಸಾಲಿಹಾ ಎಣ್ಣೆ ಹಚ್ಚಿದ್ದೇನೆ, ನಿಲ್ಲಿಸು ಎಂದು ಕೂಗುತ್ತ ಚಪ್ಪಲಿ ಬಿಟ್ಟು ಗೇಟಿನವರೆಗೆ ಓಡಿದಳು. ಏರಿಸಿದ ಗಾಜಿನೊಳಗೆ ಏನೂ ಕೇಳಿಸಲಿಲ್ಲ. ಪೆಟ್ಟಿಗೆ ಎತ್ತಿಕೊಟ್ಟ ಮಾಯಿಲಪ್ಪ ಕಾಲುದಾರಿ ಹಿಡಿದು ಮನೆಗೆ ಹೋಗಿಯಾಗಿತ್ತು. ಹಕೀಂ ಮನೆಯ ಹಿಂದೆ ಮುಖ ತೊಳೆಯುತ್ತಿದ್ದ.

ಮನೆಯಿಂದ ಹೊರಟವರು ಹೊಳೆ ದಾಟುವುದನ್ನು ನೋಡಿಯೇ ಒಳಗೆ ಹೋಗುವುದು ಅವಳ ಮೂವತ್ತು ವರ್ಷದ ಅಭ್ಯಾಸ. ಅಂಗಳದ ಅಂಚಿನಲ್ಲಿ, ಹಲಸಿನ ಮರದ ಪಕ್ಕ ನಿಂತರೆ ಸೇತುವೆಯಾಚೆಯ ರಸ್ತೆಯ ಒಂದು ತುಂಡು ಕಾಣುತ್ತದೆ. ಗೇಟಿನಿಂದ ಇಳಿಜಾರು, ಕೆಳಗೊಂದು ಕಡಿದಾದ ತಿರುವು, ತಿರುವಿಗೆ ತಾಗಿದಂತೆ ಸೇತುವೆ. ಹತ್ತು ಸಲ ಸ್ವಲಾತ್ ಪ್ರಾರ್ಥನೆ ಹೇಳುವಷ್ಟರಲ್ಲಿ ಬಿಳಿ ಕಾರು ಆಚೆ ದಡದಲ್ಲಿ ಕಾಣಬೇಕು. ಸಾಲಿಹಾ ಮರವನ್ನು ಹಿಡಿದುಕೊಂಡು ಹೇಳತೊಡಗಿದಳು. ಆರನೆಯದರ ಹೊತ್ತಿಗೆ ಕೆಳಗಿನಿಂದ ಹಾರ್ನ್ ಕೇಳಿತು, ಉದ್ದಕ್ಕೆ, ಬಿಡದೆ. ಎಂಟನೆಯದರ ಹೊತ್ತಿಗೆ ಅದು ನಿಂತಿತು. ಹತ್ತಾಯಿತು. ಅವಳು ಮತ್ತೆ ಒಂದರಿಂದ ಶುರುಮಾಡಿದಳು.

ಆಚೆ ದಡದಲ್ಲಿ ಮೂಡಬಿದಿರೆ ಕಡೆಯಿಂದ ಬಂದ ಬಸ್ಸು ಸೇತುವೆಯ ತುದಿಯಲ್ಲಿ ನಿಂತಿತು. ಅಲ್ಲಿ ಸ್ಟಾಪ್ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಇಳಿದರು. ಮೊದಲು ನಡೆದರು, ಆಮೇಲೆ ಓಡಿದರು.

ಹಿಂದೆ ಅಂಗಳದಲ್ಲಿ ಹಕೀಂ ಬಂದು ಕುಳಿತಿದ್ದ. ಬಿಚ್ಚಿ ಬಿಸಾಡಿದ ಹಳೆಯ ಡಿಸ್ಕುಗಳು ಟಾರ್ಪಾಲಿನ ಮೇಲೆ ಭಾರಕ್ಕಿಡಲು ಆಗುತ್ತವೆಂದು ಒಂದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಕಿಟಕಿಯ ಸರಳಿನಲ್ಲಿ ಹೆಂಡತಿ ಸಿಕ್ಕಿಸಿಟ್ಟಿದ್ದ ಬನಿಯನ್ ತುಂಡಿನಲ್ಲಿ ಇನ್ನೂ ಎಣ್ಣೆಯಿತ್ತು. ಅದನ್ನು ತೆಗೆದುಕೊಂಡು, ಕೆಂಪು ಹುಡಿ ಉದುರುವ ಅಂಚನ್ನು ನಿಧಾನವಾಗಿ ತಿಕ್ಕತೊಡಗಿದ.

"ದಾಟಿತಾ, ಸಾಲಿಹಾ?" ಎಂದು ಎಂದಿನಂತೆ ಕೇಳಿದ, ತಿಕ್ಕುತ್ತಲೇ.